ಮುದಿ ಕಾರಿಗೆ ಹೊಗೆಯ ಪರೀಕ್ಷೆ

ಮನೆಯಲ್ಲಿ ಹಳೆಯ ಕಾರೊಂದಿದ್ದರೆ ಅದನ್ನು ನೋಡಿಕೊಳ್ಳುವುದು ಮನೆಯ ಹಿರಿಯರೊಬ್ಬರನ್ನು ನೋಡಿಕೊಂಡ ಹಾಗೆಯೇ ಸರಿ. ಬೆಳಗಿನ ಚಳಿಯಲ್ಲಿ ಅದಕ್ಕೆ ಕೆಮ್ಮು, ದಿಣ್ಣೆಯನ್ನೇರುವಾಗ ಏದುಸಿರು, ಮಳೆ ಹಿಡಿದರೆ ಮೈ ಭಾರ. ಆದರೂ ಅದನ್ನು ಮಾರಿಬಿಡೋಣವೆಂದು ಮಕ್ಕಳು ಬಾಯ್ತೆರೆದರೆ ಯಜಮಾನರ ಮುಖ ಬಾಡುತ್ತದೆ. ಮನೆಯಾಕೆ ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಾರೆ. ತಿರುಪತಿಗೆ ಹೋಗಿಬಂದದ್ದು ಅದರಲ್ಲಿ. ಹೆರಿಗೆಯಾದ ಮಗಳನ್ನು ಮೊಮ್ಮಗುವಿನೊಡನೆ ಕರೆತಂದದ್ದು ಅದರಲ್ಲಿ. ಸರ್ಕಾರಕ್ಕೆ ಮಾತ್ರ ಈ ಕಥೆಗಳು ಬೇಡ. ಆರು ತಿಂಗಳಿಗೊಮ್ಮೆ ಕಾರು ಹೊಗೆಯ ಪರೀಕ್ಷೆಗೆ ಹಾಜರಾಗಬೇಕು. ತೇರ್ಗಡೆಯಾದರೆ ಒಂದು ಪತ್ರ, ಇಲ್ಲವಾದರೆ ಇಲ್ಲ.

ನಮ್ಮ ಜನ ‘ಎಮಿಷನ್ ಟೆಸ್ಟ್’ ಎಂದು ಕರೆಯುವ ಈ ಪರೀಕ್ಷೆಯ ಪತ್ರ ಸಣ್ಣದು. ಅದರ ಹಿಡಿತ ದೊಡ್ಡದು. ಅದಿಲ್ಲದೆ ರಸ್ತೆಗಿಳಿದರೆ ಹತ್ತು ಸಾವಿರ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂದು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ಮತ್ತೆ ಐದು ವರ್ಷಕ್ಕೆ ಮುಂದುವರಿಸಬೇಕಾದರೂ ಹೊಗೆಯ ಲೆಕ್ಕ ಸರಿಯಾಗಿರಬೇಕು. ಹೀಗಾಗಿ ಎಷ್ಟೋ ಹಳೆಯ ಕಾರುಗಳ ಆಯುಷ್ಯ ಈ ಒಂದು ಚೂರು ಕಾಗದದ ಮೇಲೆ ನಿಂತಿದೆ. ಪರೀಕ್ಷೆಯಲ್ಲಿ ಸೋತ ಕಾರನ್ನು ಗುಜರಿಗೆ ಹಾಕಿದವರುಂಟು. ಅವುಗಳಲ್ಲಿ ಅನೇಕ ಕಾರುಗಳು ಕೆಲವು ನೂರು ರೂಪಾಯಿಗಳ ಸಾಮಾನು, ಅರ್ಧ ದಿನದ ಶ್ರಮ ಇಷ್ಟರಿಂದಲೇ ಉಳಿಯುತ್ತಿದ್ದವು ಎಂಬುದು ಈ ಲೇಖನದ ವಾದ. ಅದನ್ನು ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಗಳ ನಿದರ್ಶನದಿಂದ ವಿವರಿಸಲು ಕಾರಣವಿದೆ. ಹಳೆಯ ಕಾರಿಗೆ ಬರಬಹುದಾದ ಮೂರು ಕಷ್ಟಗಳು ಆ ಒಂದೇ ಸೀಮೆಯಲ್ಲಿ ಕೂಡಿಬಂದಿವೆ.

ಅದಕ್ಕೆ ಮುಂಚೆ ಹೊಗೆಯ ವಿಷಯ.

ಒಲೆಯೂ ಇಂಜಿನ್ನೂ

ಸೌದೆಯ ಒಲೆಯನ್ನು ಕಂಡವರಿಗೆ ಈ ಶಾಸ್ತ್ರವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಒಲೆಯ ಬಾಯಿಗೆ ಸೌದೆಯನ್ನು ಒತ್ತೊತ್ತಾಗಿ ತುರುಕಿದರೆ ಗಾಳಿಯಾಡದೆ ಅಡಿಗೆಮನೆಯ ತುಂಬ ಹೊಗೆ. ಅಜ್ಜಿ ಎರಡು ಕೊಳ್ಳಿಗಳನ್ನು ಹಿಂದಕ್ಕೆಳೆದು ಊದುಗೊಳವೆಯಿಂದ ನಾಲ್ಕು ಸಲ ಊದಿದರೆ ಹೊಗೆ ಹೋಗಿ ಉರಿ ಬರುತ್ತಿತ್ತು. ಕಾರಿನ ಇಂಜಿನ್ನಿನಲ್ಲಿ ನಡೆಯುವುದೂ ಇದೇ. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಲು 14.7 ತೂಕ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರು ಗಾಳಿ! ಕಾರು ಕುಡಿಯುವುದು ಪೆಟ್ರೋಲನ್ನಾದರೂ ಅದು ಬದುಕುವುದು ಗಾಳಿಯಿಂದ.

ಗಾಳಿ ಸಾಲದಾದಾಗ ಪೆಟ್ರೋಲಿನ ಇಂಗಾಲ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಅಪ್ಪಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಇಂಜಿನ್ನನ್ನು ಓಡಿಸಿ ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುವುದು ಇದರಿಂದಲೇ. ಗಣಿಯ ಊರಿನವರಿಗೆ ಈ ಅನಿಲದ ಗುಣ ಬೇರೆ ದಾರಿಯಿಂದ ತಿಳಿದಿದೆ. ನೆಲದಡಿಯಲ್ಲಿ ಮದ್ದು ಸಿಡಿಸಿದ ಮೇಲೆ ಹೊಗೆ ಹೊರಟುಹೋಗುವ ತನಕ ಯಾರೂ ಆ ಸುರಂಗಕ್ಕೆ ಕಾಲಿಡಬಾರದೆಂಬ ಕಟ್ಟುಪಾಡು ಎಲ್ಲ ಗಣಿಗಳಲ್ಲಿಯೂ ಉಂಟು. ಆ ಹೊಗೆಯಲ್ಲಿಯೂ ಇರುವುದು ಇದೇ ವಿಷ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿಗೆ ಮೇಲಿನಿಂದ ಗಾಳಿಯನ್ನು ತಂಪುಮಾಡಿ ಕಳುಹಿಸಿದ ಊರಿಗೆ ಗಾಳಿಯ ಬೆಲೆಯನ್ನು ಯಾರು ಹೇಳಿಕೊಡಬೇಕು?

ಪರೀಕ್ಷೆಯಲ್ಲಿ ಅಳೆಯುವ ಎರಡನೆಯ ವಸ್ತು ಹೈಡ್ರೋಕಾರ್ಬನ್, ಎಂದರೆ ಉರಿಯದೆಯೇ ಹೊರಬಿದ್ದ ಪೆಟ್ರೋಲಿನ ಆವಿ. ಅಮೆರಿಕದ ಲಾಸ್ ಏಂಜಲಿಸ್ ನಗರದ ಮೇಲೆ ಕವಿಯುತ್ತಿದ್ದ ಕಣ್ಣುರಿಯ ಮಬ್ಬಿಗೆ ಈ ಆವಿಯೂ ಬಿಸಿಲೂ ಕೂಡಿ ಕಾರಣವೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಹಾಗನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಕಾರಿನ ಹೊಗೆಗೆ ಮೊಟ್ಟಮೊದಲು ಮಿತಿ ಹಾಕಿದ ನಾಡು ಕ್ಯಾಲಿಫೋರ್ನಿಯವೇ ಆದದ್ದು ಆಶ್ಚರ್ಯವಲ್ಲ.

ಕಾಯಿದೆಯ ಕನಿಕರ

ನಮ್ಮಲ್ಲಿ ಈ ಮಿತಿಗಳಿರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಲ್ಲಿ. 2004ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮಿತಿಗಳನ್ನು ಓದಿದರೆ ಕಾಯಿದೆಗೂ ಕನಿಕರವಿದೆಯೆನ್ನಿಸುತ್ತದೆ. ‘ಭಾರತ್ ಸ್ಟೇಜ್ 2’ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ನಿಂತಲ್ಲೇ ಓಡುವಾಗ ಹೊರಬಿಡುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ನೂರಕ್ಕೆ 3ರವರೆಗೆ, ಹೈಡ್ರೋಕಾರ್ಬನ್ ಹತ್ತು ಲಕ್ಷಕ್ಕೆ 1,500ರವರೆಗೆ ಇರಬಹುದು. ಅದರ ಮುಂದಿನ ತಲೆಮಾರಿಗೆ ಈ ಅಂಕಿಗಳು 0.5 ಮತ್ತು 750. ‘ಸ್ಟೇಜ್ 4’ರ ಕಾರಿಗೆ 0.3 ಮತ್ತು 200 ಮಾತ್ರ. ಮೊಮ್ಮಗನಿಗೆ ಹಾಕಿರುವ ಮಿತಿಯ ಹತ್ತರಷ್ಟು ಮೊನಾಕ್ಸೈಡನ್ನು ಅಜ್ಜನಿಗೆ ಬಿಟ್ಟಿದ್ದಾರೆ!

ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಡರ್, ಕಾರ್ಬ್ಯುರೇಟರ್ ಇದ್ದ ಕಾಲದ ಮಾರುತಿ 800, ಇವೆಲ್ಲ ಮೊದಲನೆಯ ಗುಂಪಿಗೆ ಸೇರಿದವು. ಪದ್ಮಿನಿಯ ಮೂಲವಾದ ಫಿಯೆಟ್ 1100 ಡಿ ಮುಂಬಯಿಯಲ್ಲಿ ತಯಾರಾಗತೊಡಗಿದ್ದು 1964ರಲ್ಲಿ. ಮಾರುತಿಯ ಮೊದಲ ಕಾರು ಹೊರಬಂದದ್ದು 1983ರ ಡಿಸೆಂಬರಿನಲ್ಲಿ. ಅಂಬಾಸಡರ್ ಅಂತೂ 2014ರವರೆಗೆ ತಯಾರಾಯಿತು. ಒಳ್ಳೆಯ ಸ್ಥಿತಿಯಲ್ಲಿದ್ದು, ಹದವಾಗಿ ಶ್ರುತಿ ಮಾಡಿದ ಇಂಥ ಇಂಜಿನ್ನು ನೂರಕ್ಕೆ 3ರ ಒಳಗೆ ನಿಲ್ಲುವುದು ದೊಡ್ಡ ಸಾಹಸವೇನೂ ಅಲ್ಲ. ಅದು ಐದು, ಆರು ತೋರಿಸಿತೆಂದರೆ ಮುಪ್ಪಿನ ಮೇಲೆ ಗೂಬೆ ಕೂರಿಸುವುದು ತರವಲ್ಲ. ಎಲ್ಲಿಯೋ ಗಾಳಿ ಕಟ್ಟಿದೆ, ಕಿಡಿ ಸೋತಿದೆ, ಇಲ್ಲವೆ ಪೆಟ್ರೋಲು ಮಿತಿಮೀರಿ ಸೋರುತ್ತಿದೆ.

ಎತ್ತರ, ಧೂಳು, ಸ್ಟೇಷನ್ನು

ಮೇಲೆ ಹೇಳಿದ ಮೂರು ಕಷ್ಟಗಳಲ್ಲಿ ಮೊದಲನೆಯದು ಎತ್ತರ. ಗಣಿಯ ಊರೂ ಬಂಗಾರಪೇಟೆಯೂ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿವೆ. ಅಲ್ಲಿಯ ಗಾಳಿ ಚೆನ್ನೈಯ ಗಾಳಿಗಿಂತ ನೂರಕ್ಕೆ ಎಂಟರಷ್ಟು ತೆಳು. ಹೊಸ ಕಾರುಗಳಲ್ಲಿ ಗಣಕಯಂತ್ರ ಇದನ್ನು ತಾನೇ ಅರಿತು ಪೆಟ್ರೋಲನ್ನು ತಗ್ಗಿಸುತ್ತದೆ. ಹಳೆಯ ಕಾರ್ಬ್ಯುರೇಟರಿಗೆ ಆ ಬುದ್ಧಿಯಿಲ್ಲ. ಗಾಳಿ ತೆಳುವಾದರೂ ಅದು ಪೆಟ್ರೋಲನ್ನು ಅದೇ ಧಾರಾಳದಿಂದ ಬಡಿಸುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ನೂರಕ್ಕೆ ನಾಲ್ಕರಷ್ಟು ಏರುತ್ತದೆ. ಗಣಿಯ ಊರಿನ ಸಂಸಾರಗಳಿಗೆ ತಮಿಳುನಾಡಿನೊಡನೆ ಹಳೆಯ ನಂಟು. ಚೆನ್ನೈಯಲ್ಲಿರುವ ಭಾವಮೈದುನನಿಂದಲೋ ಚಿಕ್ಕಪ್ಪನಿಂದಲೋ ಕೈಬದಲಾಗಿ ಬಂದ ಕಾರು ಅಲ್ಲಿ ಸುಲಭವಾಗಿ ಗೆದ್ದ ಪರೀಕ್ಷೆಯನ್ನು ಇಲ್ಲಿ ಸೋತರೆ ಭಾವಮೈದುನನನ್ನು ಸಂಶಯಿಸಬೇಕಾಗಿಲ್ಲ. ಅದನ್ನು ಈ ಎತ್ತರಕ್ಕೆ ತಕ್ಕಂತೆ ಮತ್ತೆ ಹದಗೊಳಿಸಿದರೆ ಸಾಕು.

ಎರಡನೆಯದು ಧೂಳು. ಒಂದು ಶತಮಾನಕ್ಕೂ ಮೇಲ್ಪಟ್ಟು ಕಲ್ಲನ್ನು ಹಿಟ್ಟಿನಂತೆ ಅರೆದು ಸೈನೈಡಿನಲ್ಲಿ ತೊಳೆದು ಚಿನ್ನವನ್ನು ತೆಗೆದ ಮೇಲೆ ಉಳಿದದ್ದು ಮೂರು ಕೋಟಿ ಟನ್ನಿಗೂ ಹೆಚ್ಚಿನ ಬೂದು ಮಣ್ಣು. ಊರವರು ‘ಸೈನೈಡ್ ಗುಡ್ಡ’ ಎನ್ನುವ ಈ ದಿಬ್ಬಗಳನ್ನು ಹುಡುಕಿಕೊಂಡು ಸಿನಿಮಾದವರು ಬಂದರು. 2018ರಲ್ಲಿ ತೆರೆಕಂಡ ಚಿತ್ರದಿಂದಾಗಿ ಊರಿನ ಮೂರಕ್ಷರದ ಹೆಸರು ದೇಶಕ್ಕೆಲ್ಲ ಪರಿಚಯವಾಯಿತು. ಅದು ಸಂತೋಷವೇ. ಆದರೆ ಆಷಾಢದ ಗಾಳಿ ಬೀಸಿದಾಗ ಆ ನುಣುಪು ಧೂಳು ಒಣಗಹಾಕಿದ ಬಟ್ಟೆಯ ಮೇಲೆ, ಮುಚ್ಚಿಟ್ಟ ಪಾತ್ರೆಯ ಅಂಚಿನಲ್ಲಿ, ಕಾರಿನ ಏರ್ ಫಿಲ್ಟರಿನ ಮಡಿಕೆಮಡಿಕೆಗಳಲ್ಲಿ ಸೇರಿಕೊಳ್ಳುವುದನ್ನು ಸಿನಿಮಾದಲ್ಲಿ ತೋರಿಸುವುದಿಲ್ಲ. ಬೇರೆ ಊರಿನಲ್ಲಿ ವರ್ಷ ಬಾಳುವ ಫಿಲ್ಟರು ಇಲ್ಲಿ ಆರು ತಿಂಗಳಿಗೆ ಕಟ್ಟಿಕೊಂಡರೆ ಅದನ್ನು ದೂರಿ ಫಲವಿಲ್ಲ.

ಮೂರನೆಯದು ಯಾರೂ ಅಷ್ಟಾಗಿ ಗಮನಿಸದ ಕಾರಣ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅಂದಿನಿಂದ ಊರಿನ ದುಡಿಯುವ ಜನ ಬೆಂಗಳೂರಿನ ಕಡೆ ಮುಖಮಾಡಿದರು. ಮುಂಜಾನೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ, ರಾತ್ರಿ ಹಿಂದಿರುಗುವವರು ಸಾವಿರಾರು ಮಂದಿ. ಇಂಥ ಮನೆಗಳಲ್ಲಿ ಕಾರಿಗೆ ಉಳಿದ ಕೆಲಸವೆಂದರೆ ಬೆಳಗಿನ ಜಾವ ಮಗನನ್ನೋ ಸೊಸೆಯನ್ನೋ ಸ್ಟೇಷನ್ನಿಗೆ ಬಿಟ್ಟುಬರುವುದು. ಎರಡು ಕಿಲೋಮೀಟರ್ ಹೋಗುವುದು, ಎರಡು ಕಿಲೋಮೀಟರ್ ಬರುವುದು. ಚೋಕ್ ಎಳೆದು ಎಬ್ಬಿಸಿದ ಇಂಜಿನ್ನು ಮೈ ಬಿಸಿಮಾಡಿಕೊಳ್ಳುವಷ್ಟರಲ್ಲಿ ಮನೆ ಬಂದಿರುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲು ಅರೆಬರೆ ಉರಿದು ಪ್ಲಗ್ಗುಗಳ ಮೇಲೆ ಮಸಿ ಕಟ್ಟುತ್ತದೆ. ಸಿಲಿಂಡರಿನ ಗೋಡೆಯಿಂದ ಇಳಿದು ಇಂಜಿನ್ ಆಯಿಲ್ಲಿಗೆ ಬೆರೆಯುತ್ತದೆ. ಸೈಲೆನ್ಸರಿನೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ‘ನಮ್ಮ ಕಾರು ತಿಂಗಳಿಗೆ ನೂರು ಕಿಲೋಮೀಟರೂ ಓಡಿಲ್ಲ, ಹೊಸದಿದ್ದ ಹಾಗಿದೆ’ ಎಂದು ಹೆಮ್ಮೆಪಡುವ ಯಜಮಾನರ ಕಾರೇ ಪರೀಕ್ಷೆಯಲ್ಲಿ ಹೆಚ್ಚಾಗಿ ಸೋಲುವುದು. ಇಂಜಿನ್ನು ಸವೆದು ಕೆಡುವುದಕ್ಕಿಂತ ಸುಮ್ಮನೆ ಕುಳಿತು ಕೆಡುವುದೇ ಹೆಚ್ಚು.

ಯಾವುದು ಮೊದಲು, ಯಾವುದು ಕಡೆಗೆ

ಒಂದು ಅನುಕೂಲವೂ ಈ ಊರಿಗುಂಟು. 1902ರಲ್ಲಿ, ಬೆಂಗಳೂರಿಗೆ ವಿದ್ಯುತ್ತು ಬರುವುದಕ್ಕೆ ಮೂರು ವರ್ಷ ಮುಂಚೆ, ಶಿವನಸಮುದ್ರದ ವಿದ್ಯುತ್ತು ತಂತಿಯ ಮೇಲೆ ಬಂದು ಗಣಿಯ ಯಂತ್ರಗಳನ್ನು ತಿರುಗಿಸಿತು. ಗಣಿ ಹೋದರೂ 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಸಂಸ್ಥೆಯ ಕಾರ್ಖಾನೆ ಅಲ್ಲಿದೆ. ಲೇತು, ಗೇಜು, ಸ್ಪ್ಯಾನರುಗಳ ನಡುವೆ ಬೆಳೆದ ಊರಿದು. ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ ಒಳಗಿನ ಸದ್ದನ್ನು ವೈದ್ಯರಂತೆ ಕೇಳುವ ಮೇಸ್ತ್ರಿಗಳು ಇಂಥ ಊರುಗಳಲ್ಲಿ ಇನ್ನೂ ಸಿಕ್ಕುತ್ತಾರೆ. ಅಂಥವರಲ್ಲಿಗೆ ಕಾರನ್ನು ಒಯ್ದರೆ ಅವರ ಮೊದಲ ಪ್ರಶ್ನೆ ಕಾರ್ಬ್ಯುರೇಟರನ್ನು ಕುರಿತದ್ದಲ್ಲ. ‘ಆಯಿಲ್ ಬದಲಾಯಿಸಿ ಎಷ್ಟು ದಿವಸವಾಯ್ತು ಸಾರ್?’ ಎಂಬುದು.

ಆ ಪ್ರಶ್ನೆಯಲ್ಲಿ ಮರ್ಮವಿದೆ. ಪೆಟ್ರೋಲು ಬೆರೆತ ಹಳೆಯ ಆಯಿಲ್ ಬಿಸಿಯಾದಾಗ ಅದರ ಆವಿ ಉಸಿರುಗೊಳವೆಯ ಮೂಲಕ ಏರ್ ಫಿಲ್ಟರಿಗೆ ಬಂದು ಮತ್ತೆ ಇಂಜಿನ್ನಿನೊಳಕ್ಕೇ ಹೋಗುತ್ತದೆ. ಕಾರ್ಬ್ಯುರೇಟರು ಎಷ್ಟು ಹದವಾಗಿದ್ದರೇನು, ಹಿಂಬಾಗಿಲಿನಿಂದ ಪೆಟ್ರೋಲು ಬರುತ್ತಲೇ ಇರುತ್ತದೆ. ಆಯಿಲ್‌ಕಡ್ಡಿಯನ್ನು ಹೊರಗೆಳೆದು ಮೂಸಿನೋಡಿ. ಪೆಟ್ರೋಲಿನ ವಾಸನೆ ಬಂದರೆ ಪರೀಕ್ಷೆಗೆ ಮುಂಚೆ ಆಯಿಲ್ಲನ್ನೂ ಅದರ ಫಿಲ್ಟರನ್ನೂ ಬದಲಾಯಿಸತಕ್ಕದ್ದು. ನಿಲ್ಲಿಸಿಟ್ಟು ಓಡಿಸುವ ಕಾರುಗಳಿಗೆ ಇದರಷ್ಟು ಗುಣಕಾರಿಯಾದ ಔಷಧಿ ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಆಮೇಲೆ ಏರ್ ಫಿಲ್ಟರು. ಕಾಗದದ್ದಾದರೆ ಬೆಳಕಿಗೆ ಹಿಡಿದು ನೋಡಬೇಕು. ಬೆಳಕು ತೂರಿ ಬಾರದಿದ್ದರೆ ಹೊಸದು ಹಾಕುವುದೇ ಸರಿ. ಕೆಲವು ಹಳೆಯ ಗಾಡಿಗಳಲ್ಲಿ ಎಣ್ಣೆಯ ಬಟ್ಟಲಿರುವ ಏರ್ ಕ್ಲೀನರು ಇರುವುದುಂಟು; ಅದರ ತಳದ ಕೆಸರನ್ನು ತೊಳೆದು ಹೊಸ ಎಣ್ಣೆ ಹಾಕಬೇಕು. ಧೂಳಿನ ಊರಿನಲ್ಲಿ ಫಿಲ್ಟರನ್ನೇ ತೆಗೆದಿಟ್ಟು ಪರೀಕ್ಷೆಗೆ ಹೋಗುವ ಜಾಣರಿದ್ದಾರೆ. ಅರೆದ ಕಲ್ಲಿನ ಹುಡಿಯನ್ನು ಇಂಜಿನ್ನಿಗೆ ತಿನ್ನಿಸಿದರೆ ಪಿಸ್ಟನ್ನಿನ ರಿಂಗುಗಳು ಉಪ್ಪುಕಾಗದದಲ್ಲಿ ಉಜ್ಜಿದಂತೆ ಸವೆಯುತ್ತವೆ. ಆ ಜಾಣತನದ ಬೆಲೆ ಬಹಳ ದುಬಾರಿ.

ಮೂರನೆಯದು ಕಿಡಿ. ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಒಂದು ಬಿಳಿಯ ಬಟ್ಟೆಯ ಮೇಲಿಟ್ಟು ನೋಡಿದರೆ ಇಂಜಿನ್ನಿನ ಜಾತಕವೇ ಕಾಣುತ್ತದೆ. ಕಾಫಿಗೆ ಹಾಲು ಬೆರೆಸಿದಂಥ ತಿಳಿಕಂದು ಬಣ್ಣವಿದ್ದರೆ ಆರೋಗ್ಯ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಪೆಟ್ರೋಲು ಕಡಿಮೆ. ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಮೇಲಕ್ಕೆ ಬರುತ್ತಿದೆ. ನಾಲ್ಕರಲ್ಲಿ ಒಂದೇ ಪ್ಲಗ್ಗು ಬೇರೆ ಬಣ್ಣದ್ದಾದರೆ ರೋಗ ಆ ಒಂದು ಸಿಲಿಂಡರಿನಲ್ಲಿ ಮಾತ್ರ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸುಟ್ಟು ಹಳ್ಳ ಬಿದ್ದಿದ್ದರೆ, ತಂತಿಗಳ ರಬ್ಬರು ಬಿರಿದಿದ್ದರೆ, ಒಂದು ಸಿಲಿಂಡರು ಆಗಾಗ ಕಿಡಿ ತಪ್ಪುತ್ತದೆ. ಕಿಡಿ ತಪ್ಪಿದಾಗಲೆಲ್ಲ ಒಂದು ಗುಟುಕು ಪೆಟ್ರೋಲು ಉರಿಯದೆಯೇ ಹೊರಕ್ಕೆ. ಮೊನಾಕ್ಸೈಡಿನ ಅಂಕಿ ಚೆನ್ನಾಗಿದ್ದು ಹೈಡ್ರೋಕಾರ್ಬನ್ನಿನ ಅಂಕಿ ಮಾತ್ರ ಸಾವಿರಗಳಲ್ಲಿ ಕುಣಿಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಿಡಿಯನ್ನು.

ಟ್ಯಾಪೆಟ್ಟುಗಳ ಸಂದನ್ನು ಫೀಲರ್ ಗೇಜಿನಿಂದ ಅಳೆದು ಸರಿಮಾಡುವುದು ಬೇಸರದ ಕೆಲಸ. ಆದರೆ ಬಿಡಬಾರದು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂದಿತು. ಮಕ್ಕಳ ಮೆದುಳಿಗೆ ಸೀಸ ಮಾಡುತ್ತಿದ್ದ ಹಾನಿಯನ್ನು ನೆನೆದರೆ ಅದೊಂದು ದೊಡ್ಡ ಉಪಕಾರ. ಆದರೆ ಹಳೆಯ ಇಂಜಿನ್ನುಗಳ ವಾಲ್ವಿನ ಪೀಠಗಳಿಗೆ ಆ ಸೀಸವೇ ಮೆತ್ತೆಯಾಗಿತ್ತು. ಅದಿಲ್ಲದೆ ಪೀಠ ನಿಧಾನವಾಗಿ ಸವೆದು, ವಾಲ್ವು ಒಳಕ್ಕೆ ಕುಸಿದು, ಸಂದು ಕಿರಿದಾಗುತ್ತದೆ. ಸಂದೇ ಇಲ್ಲವಾದರೆ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಕಾರ್ಬ್ಯುರೇಟರು. ಬಿಚ್ಚಿ, ತೊಳೆದು, ಜೆಟ್ಟುಗಳಿಗೆ ಗಾಳಿ ಹೊಡೆದು, ಫ್ಲೋಟಿನ ಸೂಜಿ ಸೋರುತ್ತಿಲ್ಲವೆಂದೂ ಚೋಕ್ ಪೂರ್ತಿ ತೆರೆದುಕೊಳ್ಳುತ್ತಿದೆಯೆಂದೂ ನೋಡಬೇಕು. ಸೂಜಿ ಸೋರಿದರೆ ಬಟ್ಟಲು ತುಂಬಿ ಪೆಟ್ರೋಲು ಉಕ್ಕುತ್ತದೆ; ಆಗ ಯಾವ ತಿರುಪನ್ನು ತಿರುಗಿಸಿದರೂ ಪ್ರಯೋಜನವಿಲ್ಲ. ಕಟ್ಟಕಡೆಗೆ ಇಂಜಿನ್ನು ಚೆನ್ನಾಗಿ ಕಾದಿರುವಾಗ ಮಿಶ್ರಣದ ತಿರುಪಿಗೆ ಕೈ ಹಾಕತಕ್ಕದ್ದು. ಸಾಮಾನ್ಯವಾಗಿ ಅದನ್ನು ಒಳಕ್ಕೆ ತಿರುಗಿಸಿದರೆ ಪೆಟ್ರೋಲು ಕಡಿಮೆ, ಹೊರಕ್ಕೆ ತಿರುಗಿಸಿದರೆ ಹೆಚ್ಚು. ಇಂಜಿನ್ನು ತಡವರಿಸುವವರೆಗೆ ನಿಧಾನವಾಗಿ ಒಳಕ್ಕೆ, ಮತ್ತೆ ಸದ್ದು ನಯವಾಗುವವರೆಗೆ ಮಾತ್ರ ಹೊರಕ್ಕೆ; ಅಲ್ಲಿಗೆ ನಿಲ್ಲಿಸಬೇಕು. ವೀಣೆಯ ತಂತಿಯನ್ನು ಶ್ರುತಿ ಮಾಡಿದ ಹಾಗೆ ಕಾಲು ಸುತ್ತು, ಅರೆಕಾಲು ಸುತ್ತಿನ ಕೆಲಸವಿದು.

ಅನೇಕ ಗ್ಯಾರೇಜುಗಳಲ್ಲಿ ನಡೆಯುವುದು ಇದಕ್ಕೆ ತಲೆಕೆಳಗು. ಮೊದಲು ಕೈ ಹೋಗುವುದೇ ಆ ತಿರುಪಿಗೆ. ಕಟ್ಟಿದ ಫಿಲ್ಟರು, ಮಸಿ ಹಿಡಿದ ಪ್ಲಗ್ಗು, ಹಳಸಿದ ಆಯಿಲ್ ಎಲ್ಲವನ್ನೂ ಹಾಗೆಯೇ ಬಿಟ್ಟು, ಪರೀಕ್ಷೆಯ ಸಾಲಿನಲ್ಲಿ ನಿಂತಾಗ ತಿರುಪನ್ನು ಬಿಗಿದು, ಪತ್ರ ಕೈಗೆ ಬಂದೊಡನೆ ಸಡಿಲಿಸುವುದು. ಮೊನಾಕ್ಸೈಡನ್ನು ಮಾತ್ರ ಅಳೆಯುತ್ತಿದ್ದ ಕಾಲದಲ್ಲಿ ಈ ಕೈಚಳಕ ನಡೆಯುತ್ತಿತ್ತು. 2004ರಿಂದ ಹೈಡ್ರೋಕಾರ್ಬನ್ನನ್ನೂ ಅಳೆಯುವುದರಿಂದ ಅದು ಕಷ್ಟವಾಗಿದೆ. ಪೆಟ್ರೋಲನ್ನು ಅತಿಯಾಗಿ ತಗ್ಗಿಸಿದರೆ ಮಿಶ್ರಣ ಹೊತ್ತಿಕೊಳ್ಳದೆ ಕಿಡಿ ವ್ಯರ್ಥವಾಗಿ, ಮೊನಾಕ್ಸೈಡ್ ಇಳಿದಷ್ಟೂ ಹೈಡ್ರೋಕಾರ್ಬನ್ ಏರುತ್ತದೆ. ಎರಡೂ ಅಂಕಿಗಳು ಒಟ್ಟಿಗೆ ತಗ್ಗಬೇಕಾದರೆ ಇಂಜಿನ್ನು ನಿಜವಾಗಿಯೇ ಚೆನ್ನಾಗಿರಬೇಕು. ಪರೀಕ್ಷೆಯನ್ನು ಹೀಗೆ ಜೋಡಿಸಿದವರ ಬುದ್ಧಿಯನ್ನು ಮೆಚ್ಚದಿರಲಾಗುವುದಿಲ್ಲ. ಕೊಳವೆಯನ್ನು ಸೈಲೆನ್ಸರಿಗೆ ಇಡದೆಯೇ ಪತ್ರ ಕೊಡುವವರೂ ಪಡೆಯುವವರೂ ಇಲ್ಲವೆಂದು ನಾನು ಹೇಳಲಾರೆ. ಅಂಥ ಪತ್ರದಿಂದ ಪೊಲೀಸರ ಕೈಯಿಂದ ಪಾರಾಗಬಹುದು. ಆದರೆ ಹೆಚ್ಚಾಗಿ ಉರಿಯುವ ಪೆಟ್ರೋಲಿನ ಹಣ ಹೋಗುವುದು ಸ್ವಂತ ಜೇಬಿನಿಂದ. ಹೊಗೆ ನುಗ್ಗುವುದು ರಾಬರ್ಟ್‌ಸನ್‌ಪೇಟೆಯ ಇಕ್ಕಟ್ಟಾದ ಬೀದಿಯಲ್ಲಿ ಪಕ್ಕದ ಮನೆಯ ಕಿಟಕಿಯೊಳಕ್ಕೆ.

ಯಾವ ತಿರುಪಿಗೂ ಬಗ್ಗದ ಹೊಗೆಯೊಂದಿದೆ: ನೀಲಿ ಹೊಗೆ. ಅದು ಆಯಿಲ್ ಉರಿಯುವ ಗುರುತು. ರಿಂಗುಗಳೋ ವಾಲ್ವಿನ ಸೀಲುಗಳೋ ಸವೆದಿವೆ, ಇಂಜಿನ್ನನ್ನು ಬಿಚ್ಚಲೇಬೇಕು. ಅಲ್ಲಿ ಖರ್ಚು ಸಾವಿರಗಳಿಗೆ ಏರುವುದರಿಂದ ಕಾರನ್ನು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಮನೆಮಂದಿಯೆಲ್ಲ ಕುಳಿತು ಯೋಚಿಸುವುದು ಲೇಸು. ಕಪ್ಪು ಹೊಗೆಗೆ ಹೆದರಬೇಕಾಗಿಲ್ಲ. ಈವರೆಗೆ ಹೇಳಿದ ಉಪಚಾರಗಳೆಲ್ಲ ಅದಕ್ಕೇ. ಚಳಿಯ ಬೆಳಗಿನಲ್ಲಿ ಕಾಣುವ ಬಿಳಿಯ ಹೊಗೆ ಬರಿಯ ನೀರಾವಿ. ಡೀಸೆಲ್ ಕಾರುಗಳ ಪರೀಕ್ಷೆಯೇ ಬೇರೆ. ಆಕ್ಸಿಲರೇಟರನ್ನು ಒಮ್ಮೆಗೇ ಪೂರ್ತಿ ಒತ್ತಿ ಹೊಗೆಯ ದಟ್ಟಣೆಯನ್ನು ಅಳೆಯುತ್ತಾರೆ. ಹಳೆಯವುಗಳಿಗೆ ಅದು 65 ಹಾರ್ಟ್‌ರಿಜ್ ಅಂಶಗಳನ್ನು ಮೀರಬಾರದು. ಅಲ್ಲಿಯೂ ಮೊದಲು ನೋಡಬೇಕಾದದ್ದು ಏರ್ ಫಿಲ್ಟರು, ಆಮೇಲೆ ಇಂಜೆಕ್ಟರುಗಳು.

ಹೊಸ ಪೆಟ್ರೋಲಿನ ಗುಣದೋಷ

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾದ, ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲು 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಹರಡಿತು. ಹೊಗೆಯ ಪರೀಕ್ಷೆಯ ಮಟ್ಟಿಗೆ ಇದು ಹಳೆಯ ಕಾರಿಗೆ ಸ್ವಲ್ಪ ಸಹಾಯವನ್ನೇ ಮಾಡುತ್ತದೆ. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಮಿಶ್ರಣ ನೂರಕ್ಕೆ ಏಳರಷ್ಟು ತೆಳುವಾಗುತ್ತದೆ. ಕೋಲಾರದ ಎತ್ತರದಿಂದ ಹೆಚ್ಚಾದದ್ದನ್ನು ಇದು ತಗ್ಗಿಸುತ್ತದೆಯೆಂದು ಬೇಕಾದರೆ ಸಮಾಧಾನಪಡಬಹುದು.

ಆದರೆ ಮೂವತ್ತು ವರ್ಷದ ಹಿಂದಿನ ರಬ್ಬರು ಕೊಳವೆಗಳೂ ವಾಷರುಗಳೂ ಈ ಪೆಟ್ರೋಲಿಗಾಗಿ ಮಾಡಿದವಲ್ಲ. ಅವು ಉಬ್ಬುತ್ತವೆ, ಬಿರಿಯುತ್ತವೆ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ಸೋರುವುದು ಹೊಗೆಗಿಂತ ದೊಡ್ಡ ಅಪಾಯ. ಎಥೆನಾಲ್ ನೀರನ್ನೂ ಹೀರುತ್ತದೆ. ವಾರಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿದು, ಅದರ ಚೂರುಗಳು ಬಂದು ಜೆಟ್ಟಿನ ಬಾಯಿಗೆ ಅಡ್ಡ ಕೂರುತ್ತವೆ. ಹಳೆಯ ಕೊಳವೆಗಳನ್ನು ತೆಗೆದು ಎಥೆನಾಲ್ ತಡೆಯುವ ಹೊಸ ಕೊಳವೆ ಹಾಕಿಸುವುದು, ನಡುವೆ ಒಂದು ಸಣ್ಣ ಪೆಟ್ರೋಲ್ ಫಿಲ್ಟರು ಸೇರಿಸುವುದು, ವಾರಕ್ಕೊಮ್ಮೆಯಾದರೂ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸುವುದು, ಇವುಗಳಿಗೆ ಹೆಚ್ಚಿನ ಖರ್ಚಿಲ್ಲ.

ಪರೀಕ್ಷೆಯ ದಿನ

ರಾಬರ್ಟ್‌ಸನ್‌ಪೇಟೆಯವರಿಗೆ ನಾನು ಕೊಡುವ ಸಲಹೆ ಇದು: ಮನೆಯ ಪಕ್ಕದ ಕೇಂದ್ರಕ್ಕೆ ಹೋಗುವ ಬದಲು ಬಂಗಾರಪೇಟೆಗೆ ಹೋಗಿ. ಅಲ್ಲಿಯ ಕೇಂದ್ರ ಹೆಚ್ಚು ಒಳ್ಳೆಯದೆಂದಲ್ಲ. ಬ್ರಿಟಿಷ್ ಕಮಿಷನರ್ ಬೌರಿಂಗನ ಹೆಸರನ್ನು ಹಿಂದೆ ಹೊತ್ತಿದ್ದ ಆ ಊರಿನವರೆಗೆ ಓಡುವಷ್ಟರಲ್ಲಿ ಇಂಜಿನ್ನು ಹದವಾಗಿ ಕಾದು, ಪ್ಲಗ್ಗಿನ ಮಸಿ ಉರಿದು, ಸೈಲೆನ್ಸರಿನ ನೀರು ಆರಿಹೋಗಿರುತ್ತದೆ. ಬಂಗಾರಪೇಟೆಯವರು ಅದೇ ಕಾರಣಕ್ಕೆ ಗಣಿಯ ಕಡೆ ಬರಬಹುದು. ತಣ್ಣಗಿನ ಇಂಜಿನ್ನನ್ನು ಕೊಳವೆಗೆ ಒಡ್ಡುವುದು ನಿದ್ದೆಯಿಂದೆದ್ದ ಹುಡುಗನನ್ನು ನೇರವಾಗಿ ಪರೀಕ್ಷೆಯ ಕೊಠಡಿಗೆ ತಳ್ಳಿದ ಹಾಗೆ.

ಮನೆಯವರು ಜೊತೆಯಲ್ಲಿದ್ದರೆ ಒಂದು ಎಚ್ಚರಿಕೆ. ನೀರಿನಂತೆ ತಿಳಿಯಾದ ಪಾನಿಗೆ ಹೆಸರಾದ ಬಂಗಾರಪೇಟೆಯ ಪಾನಿಪೂರಿಯ ಅಂಗಡಿ ಕಂಡೊಡನೆ ಮಕ್ಕಳು ಗಾಡಿ ನಿಲ್ಲಿಸಿ ಎನ್ನುತ್ತಾರೆ. ಪರೀಕ್ಷೆ ಮೊದಲು, ಪಾನಿಪೂರಿ ಆಮೇಲೆ! ಅರ್ಧ ಗಂಟೆ ನಿಂತರೆ ಇಂಜಿನ್ನು ಆರುತ್ತದೆ.

ಕೇಂದ್ರದಲ್ಲಿ ಸಾಲು ಉದ್ದವಾಗಿದ್ದರೆ ಇಂಜಿನ್ನನ್ನು ಸುಮ್ಮನೆ ಮಂದಗತಿಯಲ್ಲಿ ಓಡಿಸುತ್ತ ಕೂರಬೇಡಿ. ಪ್ಲಗ್ಗುಗಳಿಗೆ ಮತ್ತೆ ಮಸಿ ಹಿಡಿಯುತ್ತದೆ. ಆರಿಸಿ, ನಿಮ್ಮ ಸರದಿಗೆ ಮುಂಚೆ ಎಬ್ಬಿಸಿ, ಅರ್ಧ ನಿಮಿಷ ಸ್ವಲ್ಪ ಜೋರಾಗಿ ಓಡಿಸಿ. ಚೋಕ್ ಒಳಗಿರಲಿ, ದೀಪ, ಫ್ಯಾನು ಆರಿರಲಿ. ಕೊಳವೆಯನ್ನು ಸೈಲೆನ್ಸರಿನೊಳಕ್ಕೆ ಸುಮಾರು ಒಂದು ಅಡಿಯಾದರೂ ಇಡಬೇಕೆಂಬುದು ನಿಯಮ. ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಿನ ಗಾಳಿ ಬೆರೆತು ಅಂಕಿ ಸುಳ್ಳಾಗುತ್ತದೆ. ಅದೇ ತೂತಿನಿಂದ ವಿಷಾನಿಲ ಗಾಡಿಯೊಳಕ್ಕೂ ಬರುವುದರಿಂದ ಅದನ್ನು ಮೊದಲೇ ಬೆಸುಗೆ ಹಾಕಿಸಿರಬೇಕು. ಯಂತ್ರದೊಳಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಈ ಅನಿಲವನ್ನು ಹಾದುಹೋಗುತ್ತದೆ. ಎಷ್ಟು ಕಿರಣ ಹೀರಿಹೋಯಿತೆಂಬುದರಿಂದ ಅಂಕಿ ಮೂಡುತ್ತದೆ. ಗಾಡಿಯ ನಂಬರಿನ ಫೋಟೋ ತೆಗೆದು ಪತ್ರವನ್ನು ಅಚ್ಚುಹಾಕಿ ಕೊಡುತ್ತಾರೆ. ಹೊಸ ‘ಸ್ಟೇಜ್ 4’, ‘ಸ್ಟೇಜ್ 6’ರ ಕಾರುಗಳಿಗೆ ಅದು ವರ್ಷಕ್ಕೆ, ನಮ್ಮ ಮುದುಕರಿಗೆ ಆರು ತಿಂಗಳಿಗೆ.

ಸೋತರೆ ಹತಾಶರಾಗಬಾರದು. 2021ರಲ್ಲಿ ಬದಲಾದ ನಿಯಮದಂತೆ ಸೋತ ಗಾಡಿಗೂ ಒಂದು ತಿರಸ್ಕಾರ ಚೀಟಿ ಕೊಡುತ್ತಾರೆ, ಅಳತೆಗಳು ಅದರಲ್ಲಿರುತ್ತವೆ. ಅದನ್ನು ಹರಿದೆಸೆಯದೆ ಮೇಸ್ತ್ರಿಯ ಕೈಗೆ ಕೊಡಿ. ವೈದ್ಯರಿಗೆ ರಕ್ತಪರೀಕ್ಷೆಯ ವರದಿ ಇದ್ದ ಹಾಗೆ ಅದು. ಮೊನಾಕ್ಸೈಡ್ ಹೆಚ್ಚು, ಹೈಡ್ರೋಕಾರ್ಬನ್ ಸರಿ ಎಂದಿದ್ದರೆ ಫಿಲ್ಟರು, ಆಯಿಲ್, ಕಾರ್ಬ್ಯುರೇಟರು. ಮೊನಾಕ್ಸೈಡ್ ಕಡಿಮೆ, ಹೈಡ್ರೋಕಾರ್ಬನ್ ಹೆಚ್ಚು ಎಂದಿದ್ದರೆ ಕಿಡಿ, ವಾಲ್ವು, ಅಥವಾ ಎಲ್ಲಿಯೋ ಗಾಳಿಯ ಸೋರಿಕೆ. ಎರಡೂ ಹೆಚ್ಚಾಗಿದ್ದರೆ ಮೊದಲಿನಿಂದ ಶುರುಮಾಡಬೇಕು.

ಗೆದ್ದ ಪತ್ರವನ್ನಾದರೂ ಬರಿಯ ದಂಡದ ಭಯಕ್ಕೆ ಇಟ್ಟುಕೊಳ್ಳುವುದಲ್ಲ. ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕಡೆಯ ಹಾಳೆಯಲ್ಲಿ ತಾರೀಖು, ಎರಡು ಅಂಕಿಗಳು, ಕಾರು ಅದುವರೆಗೆ ಓಡಿದ ಕಿಲೋಮೀಟರ್, ಇಷ್ಟನ್ನು ಆರು ತಿಂಗಳಿಗೊಮ್ಮೆ ಗುರುತು ಹಾಕಿಕೊಂಡರೆ ಸಾಕು. ಈ ಸಲ 1.8 ಇದ್ದ ಮೊನಾಕ್ಸೈಡ್ ಮುಂದಿನ ಸಲ 2.6 ಆಗಿದ್ದರೆ, ಕಾರು ತೇರ್ಗಡೆಯಾಗಿದ್ದರೂ ಸರಿಯೆ, ಮನೆಗೆ ಬಂದೊಡನೆ ಏರ್ ಫಿಲ್ಟರಿನ ಮುಚ್ಚಳ ತೆಗೆದು ನೋಡಿ. ಅದು ಆಷಾಢದ ಮರುತಿಂಗಳಾಗಿದ್ದರಂತೂ ಒಳಗೆ ಬೂದು ಬಣ್ಣದ ನುಣುಪು ಹುಡಿ ಖಂಡಿತ ಕುಳಿತಿರುತ್ತದೆ.